ಗೇಣುದ್ದದ ಪಿಟೀಲು

ಇದೋ, ಈ ಚೀಲದಲ್ಲಿ ನಲವತ್ತು ಪಿಟೀಲುಗಳಿವೆ.
ಬೇರಿಗೆ ಒದ್ದೆ ಗೋಣಿ ಸುತ್ತಿದ್ದೇನೆ.
ಒಂದೊಂದೂ ಗೇಣುದ್ದ; ಸೂಜಿಯೆಲೆ ಇನ್ನೂ ಮೆತ್ತಗೆ,
ಹೆಬ್ಬೆರಳನ್ನು ಚುಚ್ಚಲೂ ಕಲಿತಿಲ್ಲ.

ಆಲ್ಪ್ಸಿನ ಈ ಮಗ್ಗುಲಲ್ಲಿ, ಫಿಯೆಮ್ಮೆ ಕಣಿವೆಯಲ್ಲಿ
ನನ್ನ ಕಸುಬು ಇಷ್ಟೇ:
ಗುಂಡಿ ತೋಡು, ಸ್ಪ್ರೂಸ್ ಸಸಿ ಇಡು, ಹಿಮ್ಮಡಿಯಿಂದ ಮೆಟ್ಟು.
ಆಮೇಲಿನ ನೂರೆಂಬತ್ತು ವರ್ಷ
ಕೂಲಿಯ ಲೆಕ್ಕದಲ್ಲಿ ಬರುವುದಿಲ್ಲ.

ಕೆಲಸ ಕಲಿಸಿದವನು ಎರ್ಮೆತೆ.
ಕೊಡಲಿಯ ಬೆನ್ನಿನಿಂದ ಕಾಂಡಕ್ಕೊಂದು ತಟ್ಟು,
ತಟ್ಟಿ ಬಾಯ್ತೆರೆದು ನಿಲ್ಲುತ್ತಿದ್ದ,
ಕಿವಿಗಿಂತ ಮೊದಲು ದವಡೆಗೆ ತಿಳಿಯುತ್ತದಂತೆ.
"ಹಾಡುತ್ತದೆ" ಎಂದರೆ ಒಂದು ಸುಣ್ಣದ ಗೆರೆ.
"ಮೇಜಾಗಲಿ" ಎಂದರೆ ಮುಂದಿನ ಮರ.
ಐವತ್ತು ವರ್ಷದಲ್ಲಿ ಒಂದು ಸಂಗೀತ ಕಛೇರಿಗೂ ಹೋದವನಲ್ಲ.
ಟೈ ಕಟ್ಟಬೇಕಲ್ಲ, ಅನ್ನುತ್ತಿದ್ದ.

ಚಳಿ ಚಳಿಯಾಗಿದ್ದ ಕಾಲದ ಮರ
ಜಿಪುಣನ ಹಾಗೆ ಬೆಳೆಯುತ್ತಿತ್ತು,
ವರ್ಷಕ್ಕೊಂದು ಉಂಗುರ, ಕೂದಲೆಳೆಯಷ್ಟು.
ಆ ಜಿಪುಣತನದಿಂದಲೇ ಮೇಲಿನ ತಂತಿಗೆ ಅಂಥ ಬೆಳಕು.
ಈಗ ಚಳಿಗಾಲ ಬರುತ್ತದೆ, ಕೂರುವುದಿಲ್ಲ;
ಬಾಗಿಲಲ್ಲೇ ನಿಂತು, ಚಪ್ಪಲಿ ಕಳಚದೆ,
ಎರಡು ಮಾತಾಡಿ ಹೋಗುವ ನೆಂಟ.
ಮರಗಳು ಗಬಗಬ ಬೆಳೆಯುತ್ತವೆ.
ಉಂಗುರದಿಂದ ಉಂಗುರಕ್ಕೆ
ಗೋಧಿಕಾಳೊಂದು ಆರಾಮಾಗಿ ಅಡ್ಡ ಮಲಗಬಹುದು.
ತಟ್ಟಿದರೆ ದೊಬ್ ಅನ್ನುತ್ತವೆ,
ಉಂಡ ಹೊಟ್ಟೆಯ ಸದ್ದು.

ಒಂದು ಅಕ್ಟೋಬರ್ ರಾತ್ರಿ ಗಾಳಿ ಬಂದು
ಇಡೀ ಇಳಿಜಾರನ್ನು ಚಾಪೆಯಂತೆ ಹಾಸಿತು.
ಬೆಳಗಾದ ಮೇಲೆ ಎರ್ಮೆತೆ
ಬಿದ್ದ ಮರಗಳನ್ನು ಹತ್ತಿಳಿದು, ಹತ್ತಿಳಿದು,
ಒಂದನ್ನೂ ಬಿಡದೆ ತಟ್ಟಿದ.
ಸುಣ್ಣ ಮುಗಿಯಿತು.
ಮರುವರ್ಷ ಅವನೂ.

ಆಮೇಲೆ ಕ್ರೆಮೋನಾದಿಂದ ಒಬ್ಬ ಬಂದಿದ್ದ,
ಕೈಯಲ್ಲಿ ಕರೀ ಪಿಟೀಲು. ಮರವಲ್ಲ, ಕಾರ್ಬನ್ನು.
ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಸೀಳುವುದಿಲ್ಲ,
ಒಂದರಂತೆಯೇ ಇನ್ನೊಂದು, ಎಂದ.
ನುಡಿಸಿದ.
ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ,
ನನಗೆ ಅಳು ಕೂಡ ಬಂತು.
ಸಂಜೆ ಗುಂಡಿ ತೋಡುವಾಗ ಸಿಟ್ಟು ಬಂತು,
ಅತ್ತದ್ದಕ್ಕೆ.

ನನ್ನ ಮಗಳು ಜಿನೆವ್ರಳಿಗೆ ಹುಟ್ಟಿನಿಂದ ಕಿವಿ ಕೇಳಿಸದು.
ಕಿವಿಯ ಹಿಂದೆ ಒಂದು ಪುಟ್ಟ ಯಂತ್ರವಿದೆ.
ಪಿಟೀಲು ನಿನಗೆ ಹೇಗೆ ಕೇಳುತ್ತದೆ, ಎಂದಿದ್ದೆ.
"ತಗಡಿನ ಡಬ್ಬಿಯಲ್ಲಿ ಸಕ್ಕರೆ ಕುಲುಕಿದ ಹಾಗೆ.
ನನಗದು ಇಷ್ಟ. ನೀನ್ಯಾಕೆ ಮುಖ ಸಪ್ಪಗೆ ಮಾಡುತ್ತೀ?"

ಈ ಬೆಳಗ್ಗೆ ಯಂತ್ರವನ್ನು ಕಳಚಿ ಜೇಬಿಗಿಳಿಸಿ
ಗಾಳಿಗೆ ಬೀಳದೆ ಉಳಿದ ಒಂದು ಮರದ ಹತ್ತಿರ ಹೋದಳು.
ಹುಳು ತಿಂದು ತೊಗಟೆ ಉದುರಿದ ಜಾಗಕ್ಕೆ
ಹಲ್ಲೊತ್ತಿ ನಿಂತಳು.
ತಟ್ಟು, ಎಂದು ಕೈಸನ್ನೆ.
ತಟ್ಟಿದೆ.
ಇನ್ನೂ ಕೆಳಗೆ.
ತಟ್ಟಿದೆ.
ನನ್ನ ಕಿವಿಗೆ ಅದು ದೊಬ್. ಬರೀ ದೊಬ್.
ಅವಳು ಕಣ್ಣು ಮುಚ್ಚಿದ್ದಳು.
ಎಷ್ಟು ಹೊತ್ತು!
ಕೊನೆಗೆ ತುಟಿಗಂಟಿದ ರಾಳ ಒರೆಸಿಕೊಳ್ಳುತ್ತ
"ಇದು ಮೇಜಲ್ಲ" ಎಂದಳು.

ಹಾಗಾದರೆ ಬರುವವರು ಯಾರೋ, ಅವರ ಶ್ರುತಿ ಯಾವುದೋ.
ಆರು ತಂತಿ ಬಿಗಿಯಲಿ, ತಂತಿಯೇ ಬೇಡವೆನ್ನಲಿ,
ದವಡೆಯಿಂದ ಕೇಳುವ ಕಛೇರಿಗೆ
ಸಾಲಾಗಿ ಬಂದು ಕೂರಲಿ, ಟೈ ಕಟ್ಟದೆ.
ಮೇಜೇ ಮಾಡಿಕೊಂಡರೂ
ಊಟಕ್ಕೆ ತಡವಾದಾಗ ಅದರ ಮೇಲೆ
ಯಾರಾದರೂ ಬೆರಳು ಕುಟ್ಟದಿರುತ್ತಾರೆಯೇ?

ಮೂವತ್ತೊಂಬತ್ತು ನೆಟ್ಟಾಯಿತು.
"ಜಿನೆವ್ರ, ನೀರಿನ ಕ್ಯಾನು ತಾ."
ಕೇಳಿಸಲಿಲ್ಲ, ಯಂತ್ರ ಇನ್ನೂ ಜೇಬಿನಲ್ಲಿದೆ.
ಗುದ್ದಲಿಯ ಹಿಡಿಯಿಂದ
ನೆಲಕ್ಕೆ ಎರಡು ಸಲ ಕುಟ್ಟಿದೆ.
ತಿರುಗಿದಳು.